ಮನೆ ವಿಡಿಯೋಗೆ ಯಾವ ಎಡಿಟಿಂಗ್ ಸಾಫ್ಟ್‌ವೇರ್? ಕಮ್ಮಿ ಖರ್ಚಿನ ಆಯ್ಕೆಗಳ ಹೋಲಿಕೆ

ಫೋನಿನಲ್ಲಿ ನೂರಾರು ತುಣುಕುಗಳಿವೆ. ಮಗು ಮೊದಲ ಸಲ ಎದ್ದು ನಡೆದದ್ದು, ಪ್ರವಾಸದಲ್ಲಿ ಎಲ್ಲರೂ ಮಳೆಗೆ ಸಿಕ್ಕಿದ್ದು, ಅಜ್ಜ ಕಥೆ ಹೇಳುತ್ತಾ ಹೇಳುತ್ತಾ ತಾವೇ ನಿದ್ದೆ ಹೋದದ್ದು. ಇವನ್ನೆಲ್ಲ ಸೇರಿಸಿ ಹದಿನೈದು ನಿಮಿಷದ ಒಂದು ವಿಡಿಯೋ ಮಾಡೋಣ ಅಂತ ಕಂಪ್ಯೂಟರ್ ಮುಂದೆ ಕೂರುತ್ತೀರಿ. ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಹುಡುಕಿದರೆ ಪಟ್ಟಿಗಳೋ ಪಟ್ಟಿಗಳು. ಒಂದರಲ್ಲಿ ಸಾವಿರ ಎಫೆಕ್ಟ್, ಇನ್ನೊಂದರಲ್ಲಿ ಎರಡು ಸಾವಿರ.

ನಾನು ಮೊದಲ ಸಲ ಆರಿಸಿದ್ದೂ ಹೀಗೇ, ಎಫೆಕ್ಟ್ ಎಣಿಸಿ. ಮೂರು ವಾರ ರಾತ್ರಿ ಕೂತು ಕತ್ತರಿಸಿ ಜೋಡಿಸಿದೆ. ಕೊನೆಗೆ ಮುಗಿದ ವಿಡಿಯೋ ಫೈಲಾಗಿ ಹೊರಬರಲಿ ಅಂತ ಎಕ್ಸ್‌ಪೋರ್ಟ್ ಒತ್ತಿದರೆ ಚಿತ್ರದ ನಟ್ಟನಡುವೆ ಕಂಪನಿಯ ಹೆಸರಿನ ಮುದ್ರೆ, ಅಂದರೆ ವಾಟರ್‌ಮಾರ್ಕ್! ಅದು ಹೋಗಬೇಕಾದರೆ ದುಡ್ಡು ಕಟ್ಟಬೇಕು. ಕಟ್ಟಿದೆ. ಆಮೇಲೆ ಅಷ್ಟು ಎಫೆಕ್ಟ್‌ಗಳಲ್ಲಿ ನಾನು ಬಳಸಿದ್ದೆಷ್ಟು ಅಂತ ನೋಡಿದರೆ, ಒಂದೇ ಒಂದು. ದೃಶ್ಯ ಮೆಲ್ಲಗೆ ಕಪ್ಪಾಗುವ ಫೇಡ್. ಅದು ಯಾವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲೂ ಸಿಗುತ್ತದೆ.

ಮನೆ ವಿಡಿಯೋಗೆ ಬೇಕಾದ ಕೆಲಸಗಳನ್ನು ಬೆರಳಲ್ಲಿ ಎಣಿಸಬಹುದು. ಬೇಡದ್ದನ್ನು ಕತ್ತರಿಸುವುದು, ಉಳಿದದ್ದನ್ನು ಸರಿಯಾದ ಕ್ರಮದಲ್ಲಿ ಇಡುವುದು, ಅಲ್ಲಲ್ಲಿ ಹೆಸರು ಬರೆಯುವುದು, ಹಿನ್ನೆಲೆಗೆ ಸಂಗೀತ, ಮಾತು ಕೇಳುವಂತೆ ಶಬ್ದ ಸರಿ ಮಾಡುವುದು, ಕೊನೆಗೆ ಒಂದು ಫೈಲಾಗಿ ಹೊರತೆಗೆಯುವುದು. ಇಷ್ಟನ್ನು ಹೆಚ್ಚುಕಮ್ಮಿ ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುತ್ತವೆ. ಹಾಗಾಗಿ ಹೋಲಿಸಬೇಕಾದ್ದು ಬೇರೆ ಮೂರು ಸಂಗತಿ: ನಿಮ್ಮ ಕಂಪ್ಯೂಟರ್ ಎಷ್ಟು ಹೊರಬಲ್ಲದು, ನಿಮ್ಮ ವಿಡಿಯೋಗಳು ಯಾವ ಕ್ಯಾಮೆರಾದಿಂದ ಬಂದವು, ವರ್ಷಕ್ಕೆ ಎಷ್ಟು ಸಲ ನೀವು ಈ ಕೆಲಸಕ್ಕೆ ಕೂರುತ್ತೀರಿ.

ಮೊದಲು ಕಂಪ್ಯೂಟರ್

"ಫೋನಿನಲ್ಲಿ ಬೆಣ್ಣೆಯ ಹಾಗೆ ಓಡುವ ವಿಡಿಯೋ ಎಡಿಟಿಂಗ್‌ನಲ್ಲಿ ಯಾಕೆ ತಡವರಿಸುತ್ತದೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ಕಾರಣ ಹೀಗಿದೆ. ಈಗಿನ ಫೋನುಗಳು ವಿಡಿಯೋವನ್ನು ಎಚ್.264 ಅಥವಾ ಎಚ್.265 ಅನ್ನುವ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡುತ್ತವೆ. ಪ್ರತಿ ಫ್ರೇಮನ್ನೂ, ಅಂದರೆ ವಿಡಿಯೋದ ಒಂದೊಂದು ಚಿತ್ರವನ್ನೂ, ಪೂರ್ತಿ ಉಳಿಸುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಫ್ರೇಮ್ ಇರುತ್ತದೆ, ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಸುಮ್ನೆ ನೋಡುವಾಗ ಇದು ತೊಂದರೆ ಕೊಡುವುದಿಲ್ಲ. ಎಡಿಟಿಂಗ್‌ನಲ್ಲಿ ನೀವು ಹಿಂದೆ ಮುಂದೆ ಜಿಗಿಯುತ್ತೀರಿ. ಜಿಗಿದಾಗಲೆಲ್ಲ ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮ್ ಹುಡುಕಿ ಅಲ್ಲಿಂದ ಚಿತ್ರವನ್ನು ಕಟ್ಟಿಕೊಂಡು ಬರಬೇಕು. ಎಚ್.265 ಫೈಲು ಚಿಕ್ಕದು, ಆದರೆ ಬಿಚ್ಚುವ ಕೆಲಸ ಜಾಸ್ತಿ. ಹಳೆಯ ಲ್ಯಾಪ್‌ಟಾಪ್ ಇಲ್ಲೇ ಸೋಲುವುದು.

ಇದಕ್ಕೆ ಮದ್ದು ಪ್ರಾಕ್ಸಿ. ಸಾಫ್ಟ್‌ವೇರ್ ಪ್ರತಿ ಕ್ಲಿಪ್‌ಗೂ ಒಂದು ಹಗುರ ನಕಲು ಮಾಡಿಕೊಳ್ಳುತ್ತದೆ. ನೀವು ಆ ನಕಲಿನ ಮೇಲೆ ಕೆಲಸ ಮಾಡುತ್ತೀರಿ, ಎಕ್ಸ್‌ಪೋರ್ಟ್ ಮಾಡುವಾಗ ಅದು ತಾನಾಗಿ ಮೂಲ ಫೈಲನ್ನು ಬಳಸುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಮೂರರಲ್ಲೂ ಈ ಸೌಲಭ್ಯವಿದೆ, ಮೂರೂ ಪುಕ್ಕಟೆ ಸಿಗುತ್ತವೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ 4ಕೆ (ಸುಮಾರು ನಾಲ್ಕು ಸಾವಿರ ಚುಕ್ಕಿ ಅಗಲದ) ವಿಡಿಯೋ ಎಡಿಟ್ ಮಾಡಬೇಕಾದವರು ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಶಾಟ್‌ಕಟ್‌ನ ಪ್ರಾಕ್ಸಿ ಒಮ್ಮೆ ಹಾಕಿ ನೋಡಿ.

ಜಾಗದ ಲೆಕ್ಕವೂ ಇರಲಿ. ಐಫೋನ್‌ನ ಸೆಟ್ಟಿಂಗ್ಸ್ ಪುಟದಲ್ಲೇ ಬರೆದಿರುತ್ತದೆ: ಸೆಕೆಂಡಿಗೆ 30 ಫ್ರೇಮಿನ 4ಕೆ ವಿಡಿಯೋಗೆ ನಿಮಿಷಕ್ಕೆ ಸುಮಾರು 170 ಎಂಬಿ, ಅದಕ್ಕಿಂತ ಚಿಕ್ಕ ಗಾತ್ರದ 1080ಪಿಗೆ ಸುಮಾರು 60 ಎಂಬಿ. ಅಂದರೆ ಒಂದು ಗಂಟೆಗೆ 10 ಜಿಬಿ ಅಥವಾ 3.6 ಜಿಬಿ. ಪ್ರಾಕ್ಸಿಗೆ ಇನ್ನೂ ಬೇರೆ ಜಾಗ ಬೇಕು. ಡಿಸ್ಕ್ ತುಂಬಿದ್ದರೆ ಎಂಥ ಸಾಫ್ಟ್‌ವೇರ್ ಆದರೂ ಅರ್ಧದಲ್ಲಿ ಕೈಕೊಡುತ್ತದೆ.

ಕಂಪ್ಯೂಟರ್ ಜೊತೆಗೇ ಬರುವವು

ಮ್ಯಾಕ್ ಇದ್ದವರಿಗೆ ಐಮೂವಿ ಇದೆ. 1999ರಲ್ಲಿ ಮೊದಲು ಬಂದಾಗಿನಿಂದ ಇದು ಮನೆ ವಿಡಿಯೋಗೆ ಅಂತಲೇ ಇರುವ ಸಾಫ್ಟ್‌ವೇರ್. ಕಲಿಯಲು ಒಂದು ಸಂಜೆ ಸಾಕು. ಅಲುಗಾಡಿದ ವಿಡಿಯೋವನ್ನು ಸ್ಥಿರ ಮಾಡುತ್ತದೆ, ಐಫೋನ್‌ನಲ್ಲಿ ಶುರು ಮಾಡಿದ ಪ್ರಾಜೆಕ್ಟನ್ನು ಮ್ಯಾಕ್‌ಗೆ ತಂದು ಮುಂದುವರಿಸಬಹುದು. ಮಿತಿಯೂ ಇದೆ: ಒಂದು ಮುಖ್ಯ ವಿಡಿಯೋ ಟ್ರ್ಯಾಕ್, ಅದರ ಮೇಲೆ ಇನ್ನೊಂದು ಪದರ, ಅಷ್ಟೇ. ಮನೆಯ ಮಟ್ಟಿಗೆ ಈ ಎರಡು ಪದರ ಸಾಲದು ಅಂತ ಅನ್ನಿಸುವುದು ಅಪರೂಪ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ವಿಡಿಯೋಗಳೇ ನಿಮ್ಮಲ್ಲಿ ಜಾಸ್ತಿ ಇದ್ದರೆ ಮಾತ್ರ ಸ್ವಲ್ಪ ಕಿರಿಕಿರಿ, ಯಾಕೆಂದರೆ ಮ್ಯಾಕ್‌ನ ಐಮೂವಿ ಅಡ್ಡ ಚೌಕಟ್ಟಿಗೆ ಅಂತ ಮಾಡಿದ್ದು. ಅದು ಬಿಟ್ಟರೆ ಮ್ಯಾಕ್ ಇದ್ದವರು ಬೇರೆ ಏನನ್ನೂ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ, ಕನಿಷ್ಠ ಮೊದಲ ಎರಡು ವಿಡಿಯೋಗಳ ತನಕ.

ವಿಂಡೋಸ್‌ನಲ್ಲಿ ಹಿಂದೆ ಮೂವಿ ಮೇಕರ್ ಇತ್ತು. 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಈಗಲೂ ಅದರ ಹೆಸರಿನಲ್ಲಿ ಡೌನ್‌ಲೋಡ್ ಕೊಡುವ ಯಾವುದೋ ಸೈಟು ಕಂಡರೆ ಮುಟ್ಟಬೇಡಿ. ಅದರ ಜಾಗಕ್ಕೆ ಬಂದದ್ದು ಕ್ಲಿಪ್‌ಚಾಂಪ್. ಮೈಕ್ರೋಸಾಫ್ಟ್ ಇದನ್ನು 2021ರಲ್ಲಿ ಕೊಂಡುಕೊಂಡು ವಿಂಡೋಸ್ 11ರ ಜೊತೆಗೇ ಕೊಡತೊಡಗಿತು. ದುಡ್ಡು ಕೊಡದೆಯೂ ವಾಟರ್‌ಮಾರ್ಕ್ ಇಲ್ಲದೆ 1080ಪಿ ತನಕ ಎಕ್ಸ್‌ಪೋರ್ಟ್ ಆಗುತ್ತದೆ. 4ಕೆ ಬೇಕಾದರೆ ಚಂದಾ. ಲಾಗಿನ್ ಆಗಲೇಬೇಕು. ಇನ್ನೊಂದು ಎಚ್ಚರ: ಅದರೊಳಗೆ ಸಿಗುವ ಸಂಗೀತ, ಚಿತ್ರಗಳಲ್ಲಿ ಕೆಲವಕ್ಕೆ ಪ್ರೀಮಿಯಂ ಗುರುತು ಇರುತ್ತದೆ. ತಿಳಿಯದೆ ಒಂದನ್ನು ಹಾಕಿಕೊಂಡರೆ ಎಕ್ಸ್‌ಪೋರ್ಟ್ ಹೊತ್ತಿಗೆ ದುಡ್ಡು ಕೇಳುತ್ತದೆ. ಐದು ನಿಮಿಷದ ವಿಡಿಯೋಗೆ ಕ್ಲಿಪ್‌ಚಾಂಪ್ ಚೆನ್ನ. ಅರ್ಧ ಗಂಟೆಯ, ನೂರು ತುಣುಕುಗಳ ಕೆಲಸಕ್ಕೆ ನಾನು ಅದನ್ನು ನಂಬುವುದಿಲ್ಲ.

ಫೋನಿನ ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮೂರು ನಿಮಿಷದ ತುಣುಕನ್ನು ಅಲ್ಲೇ ಕೂತಲ್ಲೇ ಮಾಡಿ ಕಳಿಸಲು ಅವು ಒಳ್ಳೆಯವೇ. ಕ್ಯಾಪ್‌ಕಟ್ ಇವುಗಳಲ್ಲಿ ದೊಡ್ಡ ಹೆಸರು. ಆದರೆ ಅದು ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ನಿನ್ನೆ ಪುಕ್ಕಟೆ ಇದ್ದದ್ದು ಇವತ್ತು ಪ್ರೋ ಆಗಿರುವುದೂ ಉಂಟು. ಇಪ್ಪತ್ತು ನಿಮಿಷದ ವಿಡಿಯೋವನ್ನು ಚಿಕ್ಕ ಪರದೆಯಲ್ಲಿ ಬೆರಳಿನಿಂದ ಎಡಿಟ್ ಮಾಡಲು ಹೊರಟರೆ ಕಣ್ಣು, ಕುತ್ತಿಗೆ, ತಾಳ್ಮೆ ಮೂರೂ ಹೋಗುತ್ತವೆ.

ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್

ವಿಂಡೋಸ್ ಅಥವಾ ಲಿನಕ್ಸ್ ಇದ್ದು, ದುಡ್ಡು ಖರ್ಚು ಮಾಡುವ ಮನಸ್ಸಿಲ್ಲದವರು ಈ ಮೂರರ ನಡುವೆ ಆರಿಸಬೇಕಾಗುತ್ತದೆ. ಮೂರೂ ಮುಕ್ತ ತಂತ್ರಾಂಶಗಳು (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ಬದಲಾಯಿಸಬಹುದು), ಮ್ಯಾಕ್‌ನಲ್ಲೂ ನಡೆಯುತ್ತವೆ. ವಾಟರ್‌ಮಾರ್ಕ್ ಇಲ್ಲ, ಪ್ರೋ ಆವೃತ್ತಿ ಇಲ್ಲ, ಲಾಗಿನ್ ಇಲ್ಲ.

ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಒಳಗೆ ಇರುವುದು ಒಂದೇ ಎಂಜಿನ್, ಅದರ ಹೆಸರು ಎಂಎಲ್‌ಟಿ. ಎರಡೂ ಎಫ್‌ಎಫ್‌ಎಂಪೆಗ್ ಅನ್ನುವ ಸಲಕರಣೆಯಿಂದ ಫೈಲುಗಳನ್ನು ಓದುತ್ತವೆ. ಇದರಿಂದ ಮನೆ ವಿಡಿಯೋದವರಿಗೆ ದೊಡ್ಡ ಉಪಕಾರ ಆಗಿದೆ. ಹತ್ತು ಹದಿನೈದು ವರ್ಷದ ಹಿಂದಿನ ಕ್ಯಾಮೆರಾದ ಎಂಟಿಎಸ್ ಫೈಲು, ಡಿವಿಡಿಯಿಂದ ತೆಗೆದ ಎಂಪೆಗ್-2, ಯಾವುದೋ ಕಾಲದ ಎವಿಐ, ಹೊಸ ಫೋನಿನ ಎಚ್.265, ಎಲ್ಲವನ್ನೂ ಒಂದೇ ಟೈಮ್‌ಲೈನ್‌ಗೆ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಎಳೆದು ಹಾಕಬಹುದು. ದುಬಾರಿ ಸಾಫ್ಟ್‌ವೇರ್‌ಗಳು ಮೂಗು ಮುರಿಯುವ ಹಳೆಯ ಫೈಲುಗಳನ್ನೂ ಇವು ತೆರೆದುಕೊಳ್ಳುತ್ತವೆ.

ಶಾಟ್‌ಕಟ್ ಮೊದಲ ಒಂದು ಗಂಟೆ ವಿಚಿತ್ರ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ತೆರೆದರೆ ಟೈಮ್‌ಲೈನ್ ಕಾಣುವುದೇ ಇಲ್ಲ, ನೀವೇ ಬಟನ್ ಒತ್ತಿ ತರಿಸಿಕೊಳ್ಳಬೇಕು. ಅಕ್ಷರ ಹಾಕುವುದು, ಬಣ್ಣ ತಿದ್ದುವುದು, ಶಬ್ದ ಏರಿಸುವುದು, ಎಲ್ಲಕ್ಕೂ ಅದರಲ್ಲಿ ಫಿಲ್ಟರ್ ಅಂತ ಒಂದೇ ಹೆಸರು. ಈ ಒಂದು ತರ್ಕ ತಲೆಗೆ ಹೋದ ಮೇಲೆ ಉಳಿದದ್ದು ಸಲೀಸು. ವಿಂಡೋಸ್‌ಗೆ ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಆವೃತ್ತಿಯೂ ಸಿಗುತ್ತದೆ. ಹಳೆಯ ಕಂಪ್ಯೂಟರ್ ಇದ್ದವರಿಗೆ ನನ್ನ ಮೊದಲ ಸಲಹೆ ಇದೇ.

ಕೆಡೆನ್‌ಲೈವ್ 2002ರಿಂದ ಇದೆ, ಮುಕ್ತ ತಂತ್ರಾಂಶ ಬರೆಯುವ ಕೆಡಿಇ ಸಮುದಾಯದ ಯೋಜನೆ. ಶಾಟ್‌ಕಟ್‌ಗಿಂತ ಇದರಲ್ಲಿ ಸೌಲಭ್ಯ ಜಾಸ್ತಿ. ಕ್ಲಿಪ್‌ಗಳನ್ನು ಫೋಲ್ಡರ್ ಮಾಡಿ ಜೋಡಿಸಿಡಬಹುದು, ಮಾತು ಕೇಳಿಸಿಕೊಂಡು ಸಬ್‌ಟೈಟಲ್ ಬರೆಯುವ ವ್ಯವಸ್ಥೆಯೂ ಇದೆ. ಇನ್ನೂರು ಮುನ್ನೂರು ತುಣುಕುಗಳಿರುವ ಮದುವೆ ವಿಡಿಯೋದಂಥ ಕೆಲಸಕ್ಕೆ ನಾನು ಇದನ್ನೇ ಆರಿಸುತ್ತೇನೆ. ಆಗಾಗ ಸೇವ್ ಮಾಡುವ ಅಭ್ಯಾಸ ಮಾತ್ರ ಬೇಕು. ನನ್ನ ಕಂಪ್ಯೂಟರ್‌ನಲ್ಲಿ ಅದು ಕೆಲವು ಸಲ ಹೇಳದೆ ಕೇಳದೆ ಮುಚ್ಚಿಕೊಂಡಿದೆ.

ಓಪನ್‌ಶಾಟ್ 2008ರಲ್ಲಿ ಶುರುವಾದದ್ದು. ನೋಡಲು ಮೂರರಲ್ಲೂ ಇದೇ ಸರಳ. ಫೋಟೋಗಳನ್ನು ಸಾಲಾಗಿ ಇಟ್ಟು ಹಾಡು ಹಾಕುವ ಕೆಲಸಕ್ಕೆ ಸಾಕು. ಪ್ರಾಜೆಕ್ಟ್ ದೊಡ್ಡದಾದ ಹಾಗೆ ನಿಧಾನವಾಗುತ್ತದೆ ಅನ್ನುವುದು ನನ್ನ ಅನುಭವ. ಅದರಲ್ಲಿ ಶುರು ಮಾಡಿ ಆಮೇಲೆ ಬೇರೆಯದಕ್ಕೆ ಹೋಗುವ ಬದಲು ಮೊದಲೇ ಶಾಟ್‌ಕಟ್ ಕಲಿಯುವುದು ವಾಸಿ.

ಡಾವಿಂಚಿ ರಿಸಾಲ್ವ್: ಆನೆ ಪುಕ್ಕಟೆ ಸಿಕ್ಕರೂ ಕಟ್ಟಲು ಜಾಗ ಬೇಕು

"ಪುಕ್ಕಟೆ ಸಿಗುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?" ಅಂತ ಯಾರನ್ನೇ ಕೇಳಿ, ಬರುವ ಉತ್ತರ ಇದೇ. ಉತ್ತರ ತಪ್ಪಲ್ಲ. ಡಾವಿಂಚಿ ಮೊದಲು ಸಿನಿಮಾಗಳ ಬಣ್ಣ ತಿದ್ದುವ ದುಬಾರಿ ಯಂತ್ರವಾಗಿತ್ತು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಆ ಕಂಪನಿಯನ್ನು ಕೊಂಡಿತು, ಮುಂದೆ ಅದರದ್ದೇ ಒಂದು ಪುಕ್ಕಟೆ ಆವೃತ್ತಿಯನ್ನೂ ಬಿಟ್ಟಿತು. ಕಂಪನಿ ಕ್ಯಾಮೆರಾ, ಸ್ಟುಡಿಯೋ ಸಲಕರಣೆಗಳನ್ನೂ ಮಾರುತ್ತದೆ, ಪುಕ್ಕಟೆ ಬಳಸಿದವರು ನಾಳೆ ಗಿರಾಕಿಗಳಾಗಲಿ ಅನ್ನುವ ಲೆಕ್ಕ ಇರಬೇಕು. ನಮಗೇನು, ಲಾಭವೇ. ಪುಕ್ಕಟೆ ಆವೃತ್ತಿಯಲ್ಲಿ 3840×2160 ಗಾತ್ರ, ಸೆಕೆಂಡಿಗೆ 60 ಫ್ರೇಮ್ ತನಕ ವಾಟರ್‌ಮಾರ್ಕ್ ಇಲ್ಲದೆ ಎಕ್ಸ್‌ಪೋರ್ಟ್ ಮಾಡಬಹುದು. ಸ್ಟುಡಿಯೋ ಅನ್ನುವ ದುಡ್ಡಿನ ಆವೃತ್ತಿಯ ಎಫೆಕ್ಟನ್ನು ಎಳೆದು ಹಾಕಿದರೆ ಮಾತ್ರ ಅದರ ಮೇಲೆ ಮುದ್ರೆ ಬೀಳುತ್ತದೆ.

ಒಂದೇ ಕಾರ್ಯಕ್ರಮವನ್ನು ಎರಡು ಮೂರು ಫೋನುಗಳಲ್ಲಿ ತೆಗೆದಿದ್ದೀರಿ ಅಂತಿಟ್ಟುಕೊಳ್ಳಿ. ಒಂದರಲ್ಲಿ ಗೋಡೆ ಹಳದಿ, ಇನ್ನೊಂದರಲ್ಲಿ ನೀಲಿ. ಇವನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ರಿಸಾಲ್ವ್‌ಗೆ ಸಾಟಿ ಇಲ್ಲ. ಶಬ್ದ ತಿದ್ದಲು ಫೇರ್‌ಲೈಟ್ ಅಂತ ಪೂರ್ತಿ ಒಂದು ಪುಟವೇ ಇದೆ.

ಈಗ ಇನ್ನೊಂದು ಮುಖ. 16 ಜಿಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಇದರ ಜೊತೆ ಸಂಸಾರ ಕಷ್ಟ. ಲಿನಕ್ಸ್‌ನ ಪುಕ್ಕಟೆ ಆವೃತ್ತಿಯಲ್ಲಿ ಎಚ್.264, ಎಚ್.265 ತೆರೆಯುವುದೇ ಇಲ್ಲ. ಅಂದರೆ ಫೋನಿನ ವಿಡಿಯೋಗಳನ್ನೆಲ್ಲ ಮೊದಲು ಬೇರೆ ರೂಪಕ್ಕೆ ಬದಲಾಯಿಸಬೇಕು. ಪ್ರಾಜೆಕ್ಟ್ ಒಂದು ಫೈಲಾಗಿ ಕಣ್ಣಿಗೆ ಕಾಣುವುದಿಲ್ಲ, ಒಳಗಿನ ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುಂಚೆ ಪ್ರಾಜೆಕ್ಟನ್ನು ಬೇರೆಯಾಗಿ ಹೊರತೆಗೆದು ಇಟ್ಟುಕೊಳ್ಳದಿದ್ದರೆ ಮಾಡಿದ ಕೆಲಸ ಹೋದಂತೆಯೇ. ಮತ್ತೆ, ಪುಟಗಳು: ಕ್ಲಿಪ್ ತರಲು ಒಂದು, ಕತ್ತರಿಸಲು ಎರಡು, ಎಫೆಕ್ಟ್‌ಗೆ, ಬಣ್ಣಕ್ಕೆ, ಶಬ್ದಕ್ಕೆ, ಎಕ್ಸ್‌ಪೋರ್ಟ್‌ಗೆ ಒಂದೊಂದು. ಹೊಸಬರು ಹೆದರಿ ಓಡುವುದು ಇಲ್ಲೇ. ಓಡಬೇಡಿ. 2019ರಲ್ಲಿ ಬಂದ ಕಟ್ ಪುಟ ಮತ್ತು ಕೊನೆಯ ಡೆಲಿವರ್ ಪುಟ, ಇವೆರಡರಲ್ಲೇ ಒಂದು ಮನೆ ವಿಡಿಯೋ ಮುಗಿಸಬಹುದು.

ಎಡಿಟಿಂಗ್ ನಿಮಗೆ ಹವ್ಯಾಸ ಆಗುವ ಹಾಗೆ ಕಾಣುತ್ತಿದ್ದರೆ, ಕಂಪ್ಯೂಟರೂ ಗಟ್ಟಿ ಇದ್ದರೆ, ನೇರ ರಿಸಾಲ್ವ್‌ಗೇ ಹೋಗಿ. ವರ್ಷಕ್ಕೊಂದು ವಿಡಿಯೋ ಮಾಡುವವರಿಗೆ ಬೇಡ. ಮುಂದಿನ ವರ್ಷ ಕೂರುವಾಗ ಕಲಿತದ್ದೆಲ್ಲ ಮರೆತಿರುತ್ತದೆ, ಮತ್ತೆ ಮೊದಲಿಂದ ಶುರು.

ದುಡ್ಡು ಕೊಡುವುದಾದರೆ

ಫಿಲ್ಮೋರಾ, ಪವರ್‌ಡೈರೆಕ್ಟರ್, ಮೊವಾವಿ, ಅಡೋಬಿಯ ಪ್ರೀಮಿಯರ್ ಎಲಿಮೆಂಟ್ಸ್. ಇವು ಹೊಸಬರ ಕೈಹಿಡಿದು ನಡೆಸುತ್ತವೆ, ಸಿದ್ಧ ಟೆಂಪ್ಲೇಟ್‌ಗಳು ಹೇರಳ, ನೋಡಲೂ ಚೆಂದ. ತಿಂಗಳಿಗೆ ಎರಡು ಮೂರು ವಿಡಿಯೋ ಮಾಡುವವರಿಗೆ ಉಳಿಯುವ ಸಮಯಕ್ಕಾಗಿ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಆದರೆ ಬೆಲೆಗಿಂತ ಮೊದಲು ಲೈಸೆನ್ಸ್ ಎಂಥದು ಅಂತ ಓದಿ. ಚಂದಾ ಆದರೆ ನಿಲ್ಲಿಸಿದ ದಿನ ಹಳೆಯ ಪ್ರಾಜೆಕ್ಟ್ ತೆರೆಯುತ್ತದೆಯೇ? "ಲೈಫ್‌ಟೈಮ್" ಅಂತ ಬರೆದಿದ್ದರೆ ಅದು ನಿಮ್ಮ ಲೈಫೋ, ಆ ಆವೃತ್ತಿಯ ಲೈಫೋ? ಒಮ್ಮೆ ದುಡ್ಡು ಕೊಟ್ಟರೆ ಸದಾಕಾಲ ನಮ್ಮದು ಅಂತ ಹೆಸರಾಗಿದ್ದ ಪ್ರೀಮಿಯರ್ ಎಲಿಮೆಂಟ್ಸ್ ಕೂಡ 2025ರ ಆವೃತ್ತಿಯಿಂದ ಮೂರು ವರ್ಷದ ಲೈಸೆನ್ಸ್ ಆಗಿದೆ. ಹಳೆಯ ವಿಮರ್ಶೆ ಓದಿ ಕೊಂಡವರು ಇಲ್ಲಿ ಮೋಸ ಹೋಗಬಹುದು.

ಪ್ರಯೋಗಕ್ಕೆ ಕೊಡುವ ಆವೃತ್ತಿಯಲ್ಲಿ ಮೊದಲ ದಿನವೇ ಹತ್ತು ಸೆಕೆಂಡಿನ ವಿಡಿಯೋ ಎಕ್ಸ್‌ಪೋರ್ಟ್ ಮಾಡಿ ನೋಡಿ. ಮೂರು ವಾರ ಕಳೆದ ಮೇಲೆ ಬೇಡ. ಅನುಭವದ ಮಾತು.

ಎಡಿಟರ್ ಬೇಕೇ ಬೇಕಾ?

ಎಷ್ಟೋ ಜನರಿಗೆ ಬೇಕಾಗಿರುವುದು ಇಷ್ಟೇ: ಒಂದು ಗಂಟೆಯ ವಿಡಿಯೋದಲ್ಲಿ ನಡುವಿನ ಹತ್ತು ನಿಮಿಷ. ಅದಕ್ಕೆ ಲಾಸ್‌ಲೆಸ್‌ಕಟ್ ಅಂತ ಪುಟ್ಟ ಮುಕ್ತ ಸಾಫ್ಟ್‌ವೇರ್ ಇದೆ. ವಿಡಿಯೋವನ್ನು ಮತ್ತೆ ಒತ್ತದೆ, ಇದ್ದ ಹಾಗೇ ಕತ್ತರಿಸಿ ಕೊಡುತ್ತದೆ. ಗುಣಮಟ್ಟ ಒಂದು ಚೂರೂ ಇಳಿಯುವುದಿಲ್ಲ, ಕೆಲಸ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮೊದಲು ಹೇಳಿದ ಪೂರ್ತಿ ಫ್ರೇಮ್ ನೆನಪಿದೆಯಲ್ವಾ? ಕತ್ತರಿ ಅಲ್ಲೇ ಬೀಳಬೇಕು, ಹಾಗಾಗಿ ಶುರು ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆಗಬಹುದು. ದೊಡ್ಡ ಎಡಿಟಿಂಗ್‌ಗೆ ಕೂರುವ ಮುಂಚೆ ಬೇಡದ್ದನ್ನು ಕಳೆಯಲೂ ನಾನು ಇದನ್ನೇ ಬಳಸುತ್ತೇನೆ.

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ತಂದವರಿಗೆ ಎರಡು ಮಾತು. ಡಿವಿ ಟೇಪಿನ (ಹಿಂದಿನ ಡಿಜಿಟಲ್ ಕ್ಯಾಮೆರಾದ ಕ್ಯಾಸೆಟ್) ವಿಡಿಯೋ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಬೆಚ್ಚಬೇಡಿ. ಯಾರಾದರೂ ಓಡಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣಿಸಿದರೆ ಅದು ಟೇಪಿನ ದೋಷ ಅಲ್ಲ. ಆಗಿನ ವಿಡಿಯೋ ಪ್ರತಿ ಫ್ರೇಮನ್ನೂ ಬೆಸ, ಸರಿ ಗೆರೆಗಳ ಎರಡು ಭಾಗ ಮಾಡಿ ಹಿಡಿಯುತ್ತಿತ್ತು. ಆ ಎರಡು ಭಾಗಗಳನ್ನು ಸರಿಯಾಗಿ ಹೊಂದಿಸುವ ಡಿಇಂಟರ್‌ಲೇಸ್ ಮಾಡಿದರೆ ಹೋಗುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಎರಡರಲ್ಲೂ ಅದಕ್ಕೆ ವ್ಯವಸ್ಥೆ ಇದೆ.

ಇನ್ನೊಂದು ಕಾಡುವ ತೊಂದರೆ, ವಿಡಿಯೋ ಮುಂದೆ ಹೋದ ಹಾಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುವುದು. ಜನ ಸಾಫ್ಟ್‌ವೇರ್ ಬೈಯುತ್ತಾರೆ. ಸಾಮಾನ್ಯವಾಗಿ ಕಾರಣ ಫೋನು. ಬೆಳಕು ಕಮ್ಮಿಯಾದಾಗ ಅದು ಫ್ರೇಮುಗಳ ವೇಗ ಬದಲಾಯಿಸುತ್ತಿರುತ್ತದೆ, ಎಡಿಟರ್‌ಗಳು ಒಂದೇ ವೇಗ ನಿರೀಕ್ಷಿಸುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ವೇಗವನ್ನು ಕಾನ್‌ಸ್ಟಂಟ್ ಅಂತ ಆರಿಸಿ ಕ್ಲಿಪ್ಪನ್ನು ಒಮ್ಮೆ ಬದಲಾಯಿಸಿಕೊಂಡರೆ ಸರಿಹೋಗುತ್ತದೆ. ಸಾಫ್ಟ್‌ವೇರ್ ಬದಲಾಯಿಸುವ ಮುಂಚೆ ಇದನ್ನು ಮಾಡಿ.

ಕನ್ನಡದಲ್ಲಿ ಹೆಸರು ಬರೆಯುವಾಗ

ವಿಮರ್ಶೆಗಳಲ್ಲಿ ಯಾರೂ ಬರೆಯದ ಪರೀಕ್ಷೆ ಇದು. ಕೆಲವು ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಅರ್ಥವಾಗುವುದಿಲ್ಲ. "ಅಜ್ಜಿ" ಒಡೆದು ಎರಡು ಅಕ್ಷರವಾಗುತ್ತದೆ, "ಲಕ್ಷ್ಮೀ" ಗುರುತೇ ಸಿಗದ ಹಾಗಾಗುತ್ತದೆ. ಒಂದೇ ಸಾಫ್ಟ್‌ವೇರ್‌ನೊಳಗೂ ಒಂದು ಟೈಟಲ್ ಶೈಲಿಯಲ್ಲಿ ಸರಿ ಬಂದದ್ದು ಇನ್ನೊಂದರಲ್ಲಿ ಕೆಡಬಹುದು. ಯೂನಿಕೋಡ್ ಫಾಂಟ್ ಹಾಕಿ, ನೋಟೋ ಸಾನ್ಸ್ ಕನ್ನಡದಂಥದ್ದು, ಈ ಎರಡು ಪದ ಟೈಪ್ ಮಾಡಿ ನೋಡಿ. ಶಾಟ್‌ಕಟ್, ಕೆಡೆನ್‌ಲೈವ್‌ಗಳಲ್ಲಿ ನನಗೆ ತೊಂದರೆ ಆಗಿಲ್ಲ. ಎಲ್ಲಾದರೂ ಕೆಟ್ಟರೆ ಸಾಫ್ಟ್‌ವೇರನ್ನೇ ಬಿಡಬೇಕಿಲ್ಲ. ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಹೆಸರು ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರ ಮಾಡಿ ವಿಡಿಯೋ ಮೇಲಿನ ಪದರದಲ್ಲಿ ಇಟ್ಟರಾಯಿತು. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಆಯ್ಕೆಗೆ ಒಂದು ಸಂಜೆ

ಎರಡು ಸಾಫ್ಟ್‌ವೇರ್ ಆರಿಸಿಕೊಳ್ಳಿ, ಜಾಸ್ತಿ ಬೇಡ. ಎರಡರಲ್ಲೂ ಅದೇ ಮೂರು ನಿಮಿಷದ ವಿಡಿಯೋ ಮಾಡಿ. ಅದರಲ್ಲಿ ನಿಮ್ಮ ಫೋನಿನ ಒಂದು ಕ್ಲಿಪ್, ಇರುವುದರಲ್ಲೇ ಹಳೆಯದು ಒಂದು, ಎರಡು ಫೋಟೋ, ಒಂದು ಹಾಡು, ಒಂದು ಕನ್ನಡ ಟೈಟಲ್ ಇರಲಿ. ಎಚ್.264 ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿ ಟಿವಿಯಲ್ಲಿ ಹಾಕಿ ನೋಡಿ. ಮಾತಿನ ಮೇಲೆ ಹಾಡು ಕೂತಿದೆಯೇ ಅನ್ನುವುದು ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ತಿಳಿಯುವುದಿಲ್ಲ. ಮರುದಿನ ಪ್ರಾಜೆಕ್ಟ್ ಮತ್ತೆ ತೆರೆದು ಒಂದು ಕ್ಲಿಪ್ ಬದಲಾಯಿಸಿ. ಎಲ್ಲಿ ಏನಿದೆ ಅಂತ ಹುಡುಕದೆ ಕೈ ತಾನಾಗಿ ಹೋದದ್ದು ಯಾವುದರಲ್ಲೋ ಅದನ್ನೇ ಇಟ್ಟುಕೊಳ್ಳಿ. ಅಂದಹಾಗೆ, ಯೂಟ್ಯೂಬ್‌ಗೆ ಹಾಕುವ ಆಲೋಚನೆ ಇದ್ದರೆ ಸಿನಿಮಾ ಹಾಡು ಬೇಡ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಯೂಟ್ಯೂಬ್‌ನದ್ದೇ ಆಡಿಯೋ ಲೈಬ್ರರಿಯಲ್ಲಿ ಬಳಸಬಹುದಾದ ಸಂಗೀತ ಪುಕ್ಕಟೆ ಸಿಗುತ್ತದೆ.

ಯಾವುದನ್ನೇ ಆರಿಸಿದರೂ, ಶುರು ಮಾಡುವ ಮುಂಚೆ ಒಂದು ಫೋಲ್ಡರ್ ಮಾಡಿ ಕ್ಲಿಪ್, ಫೋಟೋ, ಹಾಡು ಎಲ್ಲವನ್ನೂ ಅದರೊಳಗೆ ನಕಲು ಮಾಡಿಕೊಳ್ಳಿ. ಪ್ರಾಜೆಕ್ಟ್ ಒಳಗೆ ವಿಡಿಯೋ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಫೋನು ಅಥವಾ ಪೆನ್‌ಡ್ರೈವ್‌ನಿಂದ ನೇರವಾಗಿ ಎಡಿಟ್ ಮಾಡಿ ಆಮೇಲೆ ಅದನ್ನು ಕಿತ್ತರೆ, ಟೈಮ್‌ಲೈನ್ ತುಂಬ ಖಾಲಿ ಚೌಕಗಳು. ವಿಡಿಯೋ ಮುಗಿಯುವ ತನಕ ಆ ಫೋಲ್ಡರಿನ ಹೆಸರನ್ನೂ ಬದಲಾಯಿಸಬೇಡಿ.